ನಲವತ್ತೊಂದು ಸಲ ಕೆಟ್ಟ ಗಾಜು

ಹುಡುಗಿ ಆಮೇಲಪ್ಪನವರನ್ನು ಮೊದಲ ಸಲ ಕಂಡದ್ದು ಒಂದು ಮಂಗಳವಾರ, ಬೆಳಿಗ್ಗೆ ಹತ್ತೂಕಾಲಿಗೆ. ಗಾಜಿನ ಕೋಣೆ ಭೌತಶಾಸ್ತ್ರ ವಿಭಾಗದ ನೆಲಮಾಳಿಗೆಯಲ್ಲಿತ್ತು. ಮೆಟ್ಟಿಲಿಳಿದು, ಮುರಿದ ಕುರ್ಚಿಗಳ ರಾಶಿ ದಾಟಿ, ಶೌಚಾಲಯದ ಪಕ್ಕದ ಬಾಗಿಲು. ಬಾಗಿಲ ಮೇಲೆ ಮೂರು ಚೀಟಿಗಳಿದ್ದವು. ‘ಬಾಗಿಲು ತಟ್ಟಬೇಡಿ’ ಎಂದು ಒಂದು. ‘ತಟ್ಟದೆ ಒಳಗೆ ಬರಬೇಡಿ’ ಎಂದು ಇನ್ನೊಂದು. ಮೂರನೆಯದರ ಅಕ್ಷರಗಳು ಅಳಿಸಿಹೋಗಿದ್ದವು. ಮೊದಲೆರಡು ಆಜ್ಞೆಗಳನ್ನು ಹುಡುಗಿ ಮತ್ತೆ ಮತ್ತೆ ಓದಿ, ಎರಡನ್ನೂ ಒಟ್ಟಿಗೆ ಪಾಲಿಸುವ ದಾರಿ ಕಾಣದೆ, ಎಂಟು ನಿಮಿಷ ಹೊರಗೇ ನಿಂತಳು. ಅವಳು ತನ್ನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಗೋಡೆಗೆ ಅಂಟಿಸಿದ್ದನ್ನೆಲ್ಲ ಯಾರೋ ಯೋಚನೆ ಮಾಡಿಯೇ ಅಂಟಿಸಿರುತ್ತಾರೆ ಎಂದು ಆಗಿನ್ನೂ ನಂಬಿದ್ದಳು.

ಒಳಗಿನಿಂದ ದನಿ ಬಂತು. “ನೆರಳು ಕಾಣ್ತಾ ಇದೆ. ಬರೋದಾದ್ರೆ ಬಾ, ಹೋಗೋದಾದ್ರೆ ಹೋಗು. ಬೆಳಕಿಗೆ ಅಡ್ಡ ನಿಲ್ಬೇಡ.”

ಒಳಗೆ ಹಳೇ ಕಾರಿನ ಸೀಟೊಂದನ್ನು ಮರದ ಪೆಟ್ಟಿಗೆಗೆ ಬಿಗಿದು ಅದರ ಮೇಲೆ ಒಬ್ಬರು ಕೂತಿದ್ದರು. ಕುಳ್ಳಗಿನ ಆಳು, ಐವತ್ತೈದರ ಆಸುಪಾಸು. ಕಣ್ಣಿಗೆ ನೇರಳೆ ಗಾಜಿನ ಕನ್ನಡಕ. ಉರಿಯುವ ಗಾಜಿನ ಹಳದಿ ಪ್ರಭೆಯನ್ನು ಅದು ತಡೆಯುತ್ತದೆ ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಆಗ ಮಾತ್ರ ಯಾವುದೋ ಮದುವೆಮನೆಯಿಂದ ತಪ್ಪಿಸಿಕೊಂಡು ಬಂದವರಂತೆ ಕಂಡರು. ಮೇಲಂಗಿಯ ತುಂಬ ಕಿಡಿ ಹಾರಿದ ತೂತುಗಳು. ಮುಂದೆ ಸೊಯ್ಯೆನ್ನುವ ನೀಲಿ ಉರಿ. ಹಿಂದೆ, ಗೋಡೆಯುದ್ದಕ್ಕೂ, ದೊಡ್ಡ ಗಾಜುಗಳನ್ನು ಕಚ್ಚಿಕೊಂಡು ತಿರುಗಿಸುವ ಕಬ್ಬಿಣದ ಲೇತ್ ಯಂತ್ರ, ಮಲಗಿದ ಎಮ್ಮೆಯ ಹಾಗೆ.

ಅವಳು ನಕ್ಷೆ ಚಾಚಿದಳು. ಬೆರಳುದ್ದದ ಗಾಜಿನ ಕೊಳವೆ. ಒಂದು ಬಾಯಲ್ಲಿ ಬೆಂಕಿಕಡ್ಡಿ ತೂರಬಹುದು. ಅಲ್ಲಿಂದ ಸಣ್ಣಗಾಗುತ್ತ ಸಣ್ಣಗಾಗುತ್ತ ಹೋಗಿ ಇನ್ನೊಂದು ಬಾಯಿ ಕೂದಲಿನ ಹತ್ತರಲ್ಲೊಂದು ಪಾಲು.

“ಇದನ್ನ ಯಾರು ಬರೆದಿದ್ದು?”

“ನಾನೇ ಸರ್.”

“ಸರ್‌ಗಳೆಲ್ಲ ಮೇಲಿನ ಮಹಡೀಲಿದಾರೆ. ನಾನು ಗಾಜು ಊದೋನು. ಹೋಗ್ಲಿ, ಆ ತುಂಡು ಕೊಡಿಲ್ಲಿ.”

ಮೇಜಿನ ಮೇಲೆ ಗಾಜಿನ ತುಂಡೊಂದು ಮುಗ್ಧವಾಗಿ ಬಿದ್ದಿತ್ತು. ಹುಡುಗಿ ಅದನ್ನು ಎತ್ತಿಕೊಳ್ಳಲಿಲ್ಲ. ಅಂಗೈಯ ಹಿಂಬದಿಯನ್ನು ಅದರ ಮೇಲೆ, ತಾಗದಷ್ಟು ದೂರದಲ್ಲಿ ಹಿಡಿದಳು. ಕೆಂಡದ ಕಾವು. ಪಕ್ಕದಲ್ಲಿದ್ದ ಇಕ್ಕಳ ತೆಗೆದುಕೊಂಡು ತುಂಡನ್ನು ಕೊಟ್ಟಳು.

ಕನ್ನಡಕ ಹಣೆಗೇರಿತು. “ಯಾರು ಹೇಳ್ಕೊಟ್ಟಿದ್ದು?”

“ನಮ್ಮಮ್ಮ. ಇಟ್ಟಿಗೆ ಗೂಡಲ್ಲಿ ಕೆಲಸ ಮಾಡ್ತಾರೆ. ಬಿಸೀದು ತಣ್ಣಗಿರೋದು ಎರಡೂ ನೋಡೋಕೆ ಒಂದೇ ಥರ ಇರುತ್ತೆ.”

“ಹೋದ ವರ್ಷ ಇಬ್ಬರು ಬಂದಿದ್ರು, ಚಿನ್ನದ ಪದಕದವರು. ಇಬ್ಬರೂ ಬೊಬ್ಬೆ ಎಬ್ಬಿಸ್ಕೊಂಡು ಹೋದ್ರು.” ಇದು ಹೊಗಳಿಕೆ ಎಂದು ಅವಳಿಗೆ ತಿಳಿಯುವ ಮೊದಲೇ ಅವರು ನಕ್ಷೆಯನ್ನು ಡಬ್ಬದ ಕೆಳಗೆ ತೂರಿಸಿದರು. “ಆಮೇಲೆ ಬಾ.”

“ಆಮೇಲೆ ಅಂದ್ರೆ ಯಾವಾಗ?”

ಮೂವತ್ತೊಂದು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವಂತೆ. ಅವರು ಕೊಂಚ ಗಲಿಬಿಲಿಗೊಂಡು, “ಗುರುವಾರ” ಎಂದುಬಿಟ್ಟರು.

ಆ ‘ಆಮೇಲೆ’ಯಿಂದಲೇ ವಿಭಾಗದವರು ಅವರಿಗೆ ಆಮೇಲಪ್ಪ ಎಂದು ಹೆಸರಿಟ್ಟಿದ್ದರು. ಕೆಲಸ ತಂದವರ ಹುದ್ದೆಯ ಹೆಸರು ಉದ್ದವಾದಷ್ಟೂ ಅವರ ಆಮೇಲೆಯೂ ಉದ್ದವಾಗುತ್ತಿತ್ತು. ಜವಾನನ ಒಡೆದ ಫ್ಲಾಸ್ಕು ಅರ್ಧ ಗಂಟೆಯಲ್ಲಿ ರಿಪೇರಿಯಾಗುತ್ತಿತ್ತು. ಡೀನ್ ಅವರ ಹೂದಾನಿ ಆರು ವರ್ಷದಿಂದ ಕಪಾಟಿನಲ್ಲಿತ್ತು. ಹತ್ತನೇ ತರಗತಿ ಪಾಸಾಗಿ, ಅದೇ ಕೋಣೆಯ ಕಸ ಗುಡಿಸಲು ಸೇರಿದವರು ಅವರು. ಹಿಂದಿದ್ದ ಮುದುಕ ಮೇಸ್ತ್ರಿ ಏನೂ ಕಲಿಸಲಿಲ್ಲ. ಕದ್ದು ನೋಡಿದರೆ ಬೈಯಲಿಲ್ಲ, ಅಷ್ಟೆ. ಮುದುಕ ಹೋದ ಮೇಲೆ ಆ ಕಟ್ಟಡದ ನಿರ್ವಾತದ ಬುರುಡೆಗಳು, ಕವಲು ಕೊಳವೆಗಳು, ತಿರುಪು ಬಿರಡೆಗಳು ಎಲ್ಲವೂ ಇವರ ಉಸಿರಿನಿಂದಲೇ ಹುಟ್ಟಿದವು. ಅವುಗಳಿಂದ ಹನ್ನೊಂದು ಮಂದಿ ಪ್ರಾಧ್ಯಾಪಕರಾದರು. ಇವರು ಮಾತ್ರ ಕಡತಗಳಲ್ಲಿ ‘ಸಹಾಯಕ ಸಿಬ್ಬಂದಿ, ಇತರೆ’ ಎಂಬಲ್ಲಿಯೇ ಉಳಿದರು. ಹಾಗೆಂದು ಅವರೇನೂ ಸಾಧುವಲ್ಲ. ಒಳ್ಳೆಯ ಗಾಜನ್ನು ಬೀಗ ಹಾಕಿ ಬಚ್ಚಿಡುತ್ತಿದ್ದರು, ಮನಸ್ಸಿಗೆ ಬಾರದ ಕೆಲಸವನ್ನು ಬೇಕೆಂದೇ ಮರೆಯುತ್ತಿದ್ದರು, ತಮ್ಮ ತಪ್ಪಿಗೆ ಯಾವಾಗಲೂ ಗ್ಯಾಸ್ ಕಂಪನಿಯನ್ನು ಬೈಯುತ್ತಿದ್ದರು.

ಗುರುವಾರ ಹುಡುಗಿ ಹೋದಾಗ ಅವರು ಕೊಳವೆ ಎಳೆಯುವುದನ್ನು ನೋಡಿದಳು. ಗಾಜಿನ ಕೊಳವೆಯನ್ನು ನೆಟ್ಟಗೆ ನೇತುಹಾಕಿ, ಕೆಳತುದಿಗೆ ಒಂದು ಹಳೇ ಬೀಗ ಕಟ್ಟಿ, ನಡುಭಾಗಕ್ಕೆ ಸುರುಳಿ ತಂತಿಯ ಕಾವು ಕೊಟ್ಟರು. ಗಾಜು ಮೆತ್ತಗಾಗುತ್ತಿದ್ದಂತೆ ಬೀಗ ಮೆಲ್ಲನೆ ಇಳಿಯತೊಡಗಿತು. ಕೊಳವೆಯ ಸೊಂಟ ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು, ಕಣ್ಣಿಗೆ ಕಾಣದಂತಾಗಿ ಕಡಿದುಕೊಂಡಿತು. ತುದಿಯನ್ನು ಹದವಾಗಿ ಕತ್ತರಿಸಿ, ಸ್ಪಿರಿಟ್ಟಿನಲ್ಲಿ ಅದ್ದಿ, ಇನ್ನೊಂದು ಬಾಯಿಂದ ಊದಿದರು. ದಾರ ಪೋಣಿಸಿದ ಹಾಗೆ ಒಂದೇ ಸಾಲಿನಲ್ಲಿ ಗುಳ್ಳೆಗಳು ಎದ್ದವು.

“ತೂತು ಇದೆ” ಎಂದರು. “ಇದರಲ್ಲಿ ಏನು ತೂರಿಸ್ತೀರ?”

“ಅಯಾನುಗಳನ್ನ. ವಿದ್ಯುತ್ ಹೊತ್ತಿರೋ ಕಣಗಳು. ದೊಡ್ಡ ಬಾಯಲ್ಲಿ ಧಾರೆ ಹೋಗುತ್ತೆ, ಸಣ್ಣ ಬಾಯಲ್ಲಿ ಸೂಜಿ ಮೊನೆಯಷ್ಟಾಗಿ ಬರುತ್ತೆ. ದೊಡ್ಡ ಅಯಸ್ಕಾಂತಗಳಿಲ್ಲದೇನೇ.”

“ಬರುತ್ತಾ?”

“ಬರಬೇಕು” ಎಂದಳು ಹುಡುಗಿ.

ಬರಲಿಲ್ಲ.

ಮೇಲಿನ ಮಹಡಿಯಲ್ಲಿ ಅಯಾನು ಯಂತ್ರವಿತ್ತು. ಅದರ ಒಡೆಯರು ವಿಭಾಗದ ಮುಖ್ಯಸ್ಥರು. ಅವರು ಹೊರದೇಶದಲ್ಲಿ ಎರಡು ವರ್ಷ ಇದ್ದು ಬಂದು ಹದಿನೆಂಟು ವರ್ಷವಾಗಿತ್ತು, ಮನಸ್ಸಿನ್ನೂ ವಾಪಸಾಗಿರಲಿಲ್ಲ. ಯಾವ ಮಾತನ್ನೂ ‘ಅಲ್ಲಿ’ ಎಂದೇ ಶುರುಮಾಡುತ್ತಿದ್ದರಿಂದ ವಿದ್ಯಾರ್ಥಿಗಳಿಗೆ ಅವರು ‘ಅಲ್ಲಿ ಸರ್’. ಅಲ್ಲಿನ ನೀರು, ಅಲ್ಲಿನ ಶಿಸ್ತು, ಅಲ್ಲಿನ ಪೇಪರ್ ಕ್ಲಿಪ್ಪು. ಅಲ್ಲಿನ ಯಂತ್ರ ಒಂದು ಕಟ್ಟಡದಷ್ಟು ದೊಡ್ಡದು. ಅದರ ಕಣಗಳು ಗುಂಡಿನಂತೆ ಹಾರಿ, ಗಾಜಿನ ಗೋಡೆಗೆ ಸವರಿಕೊಂಡು, ಧಾರೆ ಬಿಡುವ ವಾಲ್ವ್ ತೆಗೆದ ಕ್ಷಣವೇ ಆಚೆ ಬರುತ್ತಿದ್ದವು. ಇಲ್ಲಿನ ಯಂತ್ರ ಒಂದು ಮಂಚದಷ್ಟು. ಇದರ ಕಣಗಳು ನಿಧಾನದವು. ಆದರೆ ನಿಯಮ ಮಾತ್ರ ಅಲ್ಲಿಂದಲೇ ಬಂದದ್ದು.

“ಅಲ್ಲಿ ನಾವು ಒಂದು ನಿಮಿಷ ನೋಡ್ತಿದ್ವಿ. ಇಲ್ಲಿ ಹತ್ತು ನಿಮಿಷ ಕೊಡೋಣ. ಹತ್ತರಲ್ಲಿ ಬರಲಿಲ್ಲ ಅಂದ್ರೆ ವಾಲ್ವ್ ಮುಚ್ಚು. ಕೊಳವೆ ಹೊರಗೆ ತೆಗಿ, ಸ್ಪಿರಿಟ್ಟಲ್ಲಿ ತೊಳೆದು ಒರೆಸಿ ಮತ್ತೆ ಹಾಕು. ಮೂರು ಸಲ. ಆಗಲೂ ಬರದಿದ್ರೆ ಬರಿ.”

“ಏನಂತ ಬರೀಲಿ ಸರ್?”

“ಗಾಜು ದೋಷ.”

ಹುಡುಗಿ ಬರೆದಳು. ಅವಳ ಅಕ್ಷರ ದುಂಡಗೆ, ಮುದ್ದಾಗಿತ್ತು. ಊರ ಶಾಲೆಯ ಮೇಷ್ಟ್ರು ತಿದ್ದಿಸಿದ ಅಕ್ಷರ. ತಾರೀಕು, ಹೊತ್ತು, ಕೊಳವೆಯ ಸಂಖ್ಯೆ, ಕೊನೆಗೆ ‘ಗಾಜು ದೋಷ’. ಐದು ತಿಂಗಳಲ್ಲಿ ಹಾಗೆ ನಲವತ್ತೊಂದು ಸಾಲುಗಳಾದವು. ಪ್ರತಿ ಸಾಲಿನ ಸುದ್ದಿಯನ್ನೂ ಅವಳೇ ನೆಲಮಾಳಿಗೆಗೆ ಒಯ್ದು ಮುಟ್ಟಿಸಬೇಕಾಗಿತ್ತು.

“ಇವತ್ತೂ ಬರಲಿಲ್ವಾ ನೋಟ್‌ಬುಕ್ಕಮ್ಮಾ?”

“ಇಲ್ಲಣ್ಣ.”

ಹತ್ತನೆಯದರ ತನಕ ಆಮೇಲಪ್ಪ ಗ್ಯಾಸ್ ಕಂಪನಿಯನ್ನು ಬೈದರು. ಮೂವತ್ತರ ತನಕ ಗಾಜು ಕಳಿಸಿದವನನ್ನು. ಮೂವತ್ತಾದ ಮೇಲೆ ಯಾರನ್ನೂ ಬೈಯಲಿಲ್ಲ. ಅದನ್ನು ನೋಡಿ ಹುಡುಗಿಗೆ ಹೆದರಿಕೆಯಾಯಿತು.

ಹೆದರಿಕೆಗೆ ಕಾರಣವೂ ಒದಗಿತು. ಕಟ್ಟಡದಲ್ಲಿ ಸ್ಥಳಾವಕಾಶ ಸಮಿತಿ ಎಂಬುದೊಂದಿತ್ತು. ಮೂರು ಜನ, ಅಧ್ಯಕ್ಷರು ಅಲ್ಲಿ ಸರ್. ಅತಿಥಿಗಳನ್ನು ಕೂರಿಸಲು ಸೋಫಾ ಇರುವ ಕೋಣೆಯೊಂದು ಬೇಕೆಂದು ಅದು ಎರಡು ವರ್ಷದಿಂದ ಚಿಂತಿಸುತ್ತಿತ್ತು. ಈಗ ಅದರ ಕೈಗೆ ದಾಖಲೆ ಸಿಕ್ಕಿತು: ನಲವತ್ತೊಂದು ಕೊಳವೆ, ನಲವತ್ತೊಂದು ದೋಷ. ಗಾಜಿನ ಕೋಣೆಯನ್ನು ಮುಚ್ಚುವುದು, ಯಂತ್ರಗಳನ್ನು ಗುಜರಿಗೆ ಹಾಕುವುದು, ಸದರಿ ಸಿಬ್ಬಂದಿಯನ್ನು ಉಗ್ರಾಣದ ಬೀಗ ಕಾಯಲು ನೇಮಿಸುವುದು ಎಂದು ಟಿಪ್ಪಣಿ ತಯಾರಾಯಿತು. ಬರುವ ಶುಕ್ರವಾರ ಸಹಿ.

“ದಾಖಲೆ ಎಷ್ಟು ಅಚ್ಚುಕಟ್ಟಾಗಿ ಇಟ್ಟಿದೀಯಮ್ಮ” ಎಂದು ಅಲ್ಲಿ ಸರ್ ಅವಳನ್ನು ಹೊಗಳಿದರು. “ಇದಿಲ್ಲದೆ ಕಷ್ಟ ಆಗ್ತಿತ್ತು.”

ಒಬ್ಬರ ಮೂವತ್ತೊಂದು ವರ್ಷದ ಕುತ್ತಿಗೆಗೆ ತನ್ನ ದುಂಡಕ್ಷರವೇ ಹಗ್ಗವಾಯಿತಲ್ಲ ಎಂದು ಹುಡುಗಿಗೆ ಅನ್ನ ಸೇರದಾಯಿತು. ಅದೇ ವಾರ ಒಂದು ವಿಚಿತ್ರವೂ ನಡೆದಿತ್ತು. ಅತಿಥಿಗಳಿಗೆ ಯಂತ್ರ ತೋರಿಸುತ್ತಿದ್ದ ಅಲ್ಲಿ ಸರ್, ವಾಲ್ವ್ ತೆರೆದಿಟ್ಟು, ಅವರನ್ನು ಚಹಾಕ್ಕೆ ಕರೆದುಕೊಂಡು ಹೋದವರು ಮರೆತುಬಿಟ್ಟರು. ಅವರು ಹೇಳದೆ ವಾಲ್ವ್ ಮುಟ್ಟಬಾರದು ಎಂಬುದು ನಿಯಮ. ಹುಡುಗಿ ಮುಟ್ಟದೆ ನಿಂತಿದ್ದಳು. ಮೂವತ್ತನಾಲ್ಕನೆಯ ನಿಮಿಷಕ್ಕೆ, ಆಚೆ ಬಂದ ಕಣಗಳನ್ನು ಎಣಿಸುವ ಕೌಂಟರ್ ಒಮ್ಮೆ ಟಿಕ್ ಎಂದಿತು. ಆಮೇಲೆ ಇನ್ನೊಮ್ಮೆ. ನಲವತ್ತಕ್ಕೆ ಮಳೆಹನಿ ಶುರುವಾದ ಹಾಗೆ ಟಿಕ್ಕುಗಳು. ಅಷ್ಟರಲ್ಲಿ ಅಲ್ಲಿ ಸರ್ ಓಡಿಬಂದು, ಧಾರೆ ದಂಡವಾಯಿತೆಂದು ರೇಗಿ, ವಾಲ್ವ್ ಮುಚ್ಚಿದರು.

“ಸರ್, ಎಣಿಕೆ ಬರ್ತಿತ್ತು.”

“ವಿದ್ಯುತ್ತಿನ ಗಲಾಟೆ ಅದು, ಕಣಗಳಲ್ಲ. ಬೇಕಾದ್ರೆ ಒರೆಸಿ ಹಾಕು, ನೋಡೋಣ.”

ಒರೆಸಿ ಹಾಕಿದಳು. ಹತ್ತು ನಿಮಿಷ. ಸೊನ್ನೆ. “ನೋಡಿದ್ಯಾ?” ಎಂದರು ಅಲ್ಲಿ ಸರ್. ಅವಳು ನೋಡಿದಳು. ನಲವತ್ತೊಂದನೆಯ ಸಾಲು ಬರೆದದ್ದು ಆಗಲೇ.

ಭಾನುವಾರ ಆಮೇಲಪ್ಪ ಅವಳನ್ನು ಮನೆಗೆ ಕರೆದರು. ಕರೆದದ್ದು ತಾವಲ್ಲ, ತಮ್ಮ ಹೆಂಡತಿ ಎಂದು ಮೊದಲೇ ಸ್ಪಷ್ಟಪಡಿಸಿದರು. ಎರಡು ಕೋಣೆಯ ಮನೆ. ಮುಂದಿನದರಲ್ಲಿ ಹೆಂಡತಿಯ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಇಡೀ ಮನೆಯಲ್ಲಿ ಒಂದೂ ಗಾಜಿನ ವಸ್ತು ಇರಲಿಲ್ಲ. ಲೋಟಗಳು ಸ್ಟೀಲಿನವು, ಫೋಟೋಗಳಿಗೆ ಪ್ಲಾಸ್ಟಿಕ್ ಹಾಳೆ.

“ಇವಳೇನಾ ನಿಮ್ಮ ಗಾಜು ಕೆಟ್ಟದು ಅಂತ ನಲವತ್ತೊಂದು ಸಲ ಬರೆದವಳು?” ಎಂದರು ಆ ಹೆಂಗಸು. “ಕೂತ್ಕೋಮ್ಮ. ನಾನು ಮೂವತ್ತು ವರ್ಷದಿಂದ ಬಾಯಲ್ಲಿ ಹೇಳ್ತಿದ್ದೆ, ನೀನು ಬರೆದಿಟ್ಟೆ. ಓದಿದವರು ಅಂದ್ರೆ ಹಾಗಿರ್ಬೇಕು.”

ಹುಡುಗಿಯ ಮುಖ ಬಾಡಿತು. ಆಮೇಲಪ್ಪ ಕಿಟಕಿಯ ಕಡೆ ನೋಡಿದರು.

“ಅಯ್ಯೋ, ತಮಾಷೆಗೆ ಅಂದೆ. ಆದ್ರೆ ಒಂದು ಮಾತು ಕೇಳು. ಈ ಮನುಷ್ಯನ್ನ ಬಾಗಿಲು ಕಾಯೋಕೆ ಹಾಕಿದ್ರೆ ಸಂಜೆ ಮನೆಗೆ ಬಂದು ನನ್ನ ಹೊಲಿಗೆಗೆ ಬುದ್ಧಿ ಹೇಳೋಕೆ ಶುರು ಮಾಡ್ತಾರೆ. ನಾನು ಎಲ್ಲಿ ಹೋಗ್ಲಿ?” ಎನ್ನುತ್ತ ಅವರು ಮೇಜಿನ ಮೇಲೆ ಹೊಳೆಯುವ ನೈಲಾನ್ ಬಟ್ಟೆ ಹರಡಿ ಕತ್ತರಿ ಹಾಕಿದರು. ಬಟ್ಟೆ ಅವರ ಕೈಗೆ ಮೆತ್ತಿಕೊಂಡಿತು. ದಾರದ ಚೂರುಗಳೆಲ್ಲ ಹಾರಿ ಬಂದು ಅದಕ್ಕೆ ಅಂಟಿದವು. “ಒಣ ಹವೆ ಬಂದ್ರೆ ಇದೊಂದು ಕಾಟ. ಕೊಡ್ರೀ ಆ ಒದ್ದೆ ಬಟ್ಟೆ.”

ಆಮೇಲಪ್ಪ ಒದ್ದೆ ಬಟ್ಟೆ ಕೊಟ್ಟರು. ಒಮ್ಮೆ ಸವರಿದ್ದೇ ತಡ, ನೈಲಾನ್ ಸುಮ್ಮನೆ ಮಲಗಿತು.

“ನನ್ನ ಕೊಳವೆಗಳದ್ದೂ ಇದೇ ಗೋಳು” ಎಂದರು ಆಮೇಲಪ್ಪ. “ಉಜ್ಜಿಟ್ರೆ ಸಂಜೆ ತನಕ ಧೂಳು ಹಿಡಿಯುತ್ತೆ. ಒದ್ದೆ ಮಾಡಿದ್ರೆ ಬಿಡುತ್ತೆ.”

ಹುಡುಗಿಯ ಸ್ಟೀಲ್ ಲೋಟ ತುಟಿಯ ಹತ್ತಿರವೇ ನಿಂತಿತು. “ಅಣ್ಣ, ನಾವು ಪ್ರತಿ ಸಲ ಒರೆಸ್ತೀವಿ.”

“ಏನನ್ನ?”

“ಕೊಳವೇನ. ಸ್ಪಿರಿಟ್ಟಲ್ಲಿ.” ಅವಳು ಕತ್ತರಿಸಿದ ಕಾಗದದ ಮೇಲೆ ಗೀಚತೊಡಗಿದಳು. “ನಮ್ಮ ಕಣಗಳು ನಿಧಾನದವು. ಮೊದಲು ಹೋದವು ಆಚೆ ಬರಲ್ಲ, ಒಳಗಿನ ಗೋಡೆಗೆ ಅಂಟ್ಕೊಳ್ತವೆ. ಗಾಜು ಆ ವಿದ್ಯುತ್ತನ್ನ ಹಿಡ್ಕೊಂಡಿರುತ್ತೆ. ಗೋಡೆ ಸಾಕಷ್ಟು ತುಂಬಿದ ಮೇಲೆ, ಹಿಂದೆ ಬರೋವನ್ನ ಅದೇ ದೂರ ತಳ್ಳುತ್ತೆ. ಅವು ಗೋಡೆ ಮುಟ್ಟದೆ ನಡುವೆ ಜಾರ್ಕೊಂಡು ಸಣ್ಣ ಬಾಯಿಗೆ ಬರ್ತವೆ. ಅದಕ್ಕೆ ಅರ್ಧ ಗಂಟೆ ಮೇಲೆ ಬೇಕು. ನಾವು ಹತ್ತು ನಿಮಿಷ ತುಂಬಿಸ್ತೀವಿ, ತೊಳೆದು ಒರೆಸ್ತೀವಿ, ಮತ್ತೆ ಹತ್ತು ನಿಮಿಷ.”

“ಅಂದ್ರೆ ಮೊದಲು ಹೋದವು ಸಿಕ್ಕಿಹಾಕ್ಕೊಂಡು ಸಾಯ್ಬೇಕು. ಆಗ ಹಿಂದಿನವಕ್ಕೆ ದಾರಿ.”

“ಹೂಂ.”

“ನನ್ನ ಗಾಜು?”

“ನಿಮ್ಮ ಗಾಜು ಚೆನ್ನಾಗಿದೆ ಅಣ್ಣ. ನಲವತ್ತೊಂದೂ.”

ಆಮೇಲಪ್ಪ ಆ ಗೀಚಿದ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. ಹೆಂಡತಿ ಅವರ ಮುಖ ನೋಡಿ, ಬಾಯಿಗೆ ಬಂದಿದ್ದ ಕುಚೋದ್ಯವನ್ನು ನುಂಗಿಕೊಂಡು ಯಂತ್ರ ತುಳಿಯತೊಡಗಿದರು.

ಸೋಮವಾರ ಹುಡುಗಿ ಅಲ್ಲಿ ಸರ್ ಮುಂದೆ ನಿಂತು ಒಂದು ಗಂಟೆ ಧಾರೆ ಕೇಳಿದಳು, ಒರೆಸದೆ. ನಿಧಾನದ ಕಣಗಳ ಮೇಲೆ ಬೇರೆಯವರು ಬರೆದ ಲೇಖನವನ್ನೂ ಹುಡುಕಿ ಒಯ್ದಿದ್ದಳು. ಅವರು ಅದನ್ನು ಓದದೆ ಎತ್ತಿಟ್ಟರು.

“ಒಂದು ಗಂಟೆ? ಒರೆಸದೆ? ಅಲ್ಲಿ ಹೀಗೆ ಕೇಳಿದ್ದಿದ್ರೆ ಮಾರನೆ ದಿನ ವಿಮಾನ ಹತ್ತಿಸ್ತಿದ್ರು. ಸ್ವಚ್ಛತೆ ಇಲ್ಲದ ಕಡೆ ವಿಜ್ಞಾನ ಇಲ್ಲಮ್ಮ.”

ಮಂಗಳವಾರವೂ ಕೇಳಿದಳು, ಬುಧವಾರವೂ. ಗುರುವಾರ ಗುಜರಿಯವರು ಬಂದರು. ಸಹಿ ಆಗುವುದು ಶುಕ್ರವಾರವಾದರೂ ಅವರ ಗಾಡಿ ಖಾಲಿ ಇದ್ದದ್ದು ಗುರುವಾರವಂತೆ. ಆರು ಜನ ಸೇರಿ ಲೇತನ್ನು ಮೆಟ್ಟಿಲ ಮೇಲೆ ಎಳೆದುಕೊಂಡು ಹೋದರು. ಆಮೇಲಪ್ಪ ಬಾಗಿಲಿಗೆ ಒರಗಿ ನೋಡಿದರು. ಹುಡುಗಿ ಪಕ್ಕದಲ್ಲಿ ನಿಂತಳು.

“ನಾಳೆ ಎರಡು ಗಂಟೆಗೆ ಬರ್ತಾರಂತೆ, ಸೋಫಾಗೆ ಅಳತೆ ತಗೊಳ್ಳೋಕೆ” ಎಂದರು ಅವರು. “ನಿಂಗೆ ಎಷ್ಟು ಹೊತ್ತು ಬೇಕು?”

“ಒಂದು ಗಂಟೆ.”

“ನಿಮ್ಮ ಸರ್‌ನ ಒಂದು ಗಂಟೆ ಮೇಲಕ್ಕೆ ಬಿಡಲ್ಲ. ಮೂವತ್ತೊಂದು ವರ್ಷದಿಂದ ಜನರನ್ನ ಕಾಯಿಸಿದೀನಿ. ನೀನು ವಾಲ್ವ್ ತೆಗಿ.”

“ಕೇಳದೆ ಮುಟ್ಟಬಾರದು ಅಂತ ಇದೆ ಅಣ್ಣ.”

“ಹಾಗಾದ್ರೆ ಮುಟ್ಟಬೇಡ. ಉಗ್ರಾಣದ ಬಾಗಿಲಲ್ಲಿ ಸ್ಟೂಲ್ ಇದೆಯಂತೆ, ನಾನು ಕೂರ್ತೀನಿ.”

ಶುಕ್ರವಾರ ಎರಡಕ್ಕೆ ಸಮಿತಿ ನೆಲಮಾಳಿಗೆಗೆ ಇಳಿಯಿತು. ಮುಂದಿನದೆಲ್ಲ ಹುಡುಗಿಗೆ ಗೊತ್ತಾದದ್ದು ಅಳತೆ ಪಟ್ಟಿ ಹಿಡಿದು ಜೊತೆಗೆ ಹೋಗಿದ್ದ ಕಚೇರಿಯ ಗುಮಾಸ್ತೆಯಿಂದ. ಯಾರನ್ನೂ ಒಳಗೆ ಬಿಡದ ಆಮೇಲಪ್ಪ ಅಂದು ಬಾಗಿಲು ತೆರೆದು ನಿಂತು ಎಲ್ಲರನ್ನೂ ಬರಮಾಡಿಕೊಂಡರಂತೆ. ಕೊನೆಯ ದಿನ, ಎಲ್ಲರಿಗೂ ಒಂದೊಂದು ಗಾಜಿನ ಹಕ್ಕಿ ಮಾಡಿಕೊಡುತ್ತೇನೆ, ನೆನಪಿಗೆ ಇರಲಿ, ಎಂದರಂತೆ. ಸೋಫಾದ ಅಳತೆಗೆ ಬಂದ ವಿದ್ವಾಂಸರು ಕೈಕಟ್ಟಿ ಸಾಲಾಗಿ ನಿಂತರು. ಮೊದಲ ಹಕ್ಕಿಗೆ ಹದಿನೈದು ನಿಮಿಷ. ಎರಡನೆಯದಕ್ಕೆ ಇಪ್ಪತ್ತು. ಅಲ್ಲಿ ಸರ್ ತಮ್ಮದಕ್ಕೆ ಕತ್ತು ಇನ್ನೂ ಉದ್ದ ಬೇಕು, ಅಲ್ಲಿ ಕೆರೆಗಳಲ್ಲಿ ಅಂಥವೇ ಇದ್ದವು, ಎಂದರು. “ಆಗ್ಲಿ ಸರ್, ಆದ್ರೆ ಉದ್ದ ಕತ್ತು ಆರೋಕೆ ಹೊತ್ತು ಹಿಡಿಯುತ್ತೆ” ಎಂದರು ಆಮೇಲಪ್ಪ, ಬಹಳ ವಿನಯದಿಂದ. ಕತ್ತು ಆರುತ್ತಿರುವಾಗ, ಸುಮ್ಮನೆ ಕೂರುವುದೇಕೆಂದು, ಸಮಿತಿ ಅಲ್ಲೇ ಮೇಜಿನ ಮೇಲೆ ಕೋಣೆ ಮುಚ್ಚುವ ಕಾಗದಕ್ಕೆ ಸಹಿ ಹಾಕಿತು. ಪೆನ್ನು ಕೊಟ್ಟದ್ದೂ ಆಮೇಲಪ್ಪನವರೇ.

ಮೇಲೆ ಹುಡುಗಿ ಎರಡೂ ಐದಕ್ಕೆ ವಾಲ್ವ್ ತೆಗೆದಿದ್ದಳು. ಇಪ್ಪತ್ತು ವರ್ಷ ಹೇಳಿದಂತೆ ಕೇಳಿದ ಕೈ ಅದು. ಹತ್ತು ನಿಮಿಷ, ಸೊನ್ನೆ. ಇಪ್ಪತ್ತು, ಸೊನ್ನೆ. ಮೂವತ್ತಕ್ಕೂ ಸೊನ್ನೆ. ಮೂವತ್ತೇಳಕ್ಕೆ ಮೊದಲ ಟಿಕ್. ಐವತ್ತಾಗುವ ಹೊತ್ತಿಗೆ ಸೆಕೆಂಡಿಗೆ ಇನ್ನೂರು. ಅವಳು ಕೊಳವೆಯನ್ನು ಎರಡು ಡಿಗ್ರಿ ಓರೆ ಮಾಡಿದಳು. ಎಣಿಕೆ ಸತ್ತುಹೋಯಿತು, ನಿಧಾನಕ್ಕೆ ಮತ್ತೆ ಚಿಗುರಿತು. ಧಾರೆ ಗಾಜಿನ ಜೊತೆಗೇ ತಿರುಗಿಕೊಂಡು ಬರುತ್ತಿತ್ತು. ಇನ್ನು ಅದನ್ನು ವಿದ್ಯುತ್ತಿನ ಗಲಾಟೆ ಎನ್ನುವಂತಿರಲಿಲ್ಲ.

ಅಲ್ಲಿ ಸರ್ ಉದ್ದ ಕತ್ತಿನ ಹಕ್ಕಿ ಹಿಡಿದುಕೊಂಡು ಒಳಗೆ ಬಂದರು. ಕೌಂಟರ್ ನೋಡಿದರು.

“ತೆಗೆದು ಎಷ್ಟು ಹೊತ್ತಾಯ್ತು?”

“ಒಂದು ಗಂಟೆ ಹನ್ನೆರಡು ನಿಮಿಷ ಸರ್.”

“ಯಾರನ್ನ ಕೇಳಿ?”

“ಯಾರನ್ನೂ ಕೇಳಿಲ್ಲ ಸರ್. ಒರೆಸೂ ಇಲ್ಲ. ಇದು ಏಳನೇ ನಂಬರಿನ ಕೊಳವೆ. ದೋಷ ಅಂತ ಬರೆದದ್ದು.”

ಅವರು ಹಕ್ಕಿಯನ್ನು ಮೇಜಿನ ಮೇಲಿಟ್ಟರು. ಕೊಳವೆಯನ್ನು ತಾವೇ ಓರೆ ಮಾಡಿ ನೋಡಿದರು, ಇನ್ನೊಂದು ಕಡೆಗೂ ಮಾಡಿ ನೋಡಿದರು. ಹುಡುಗಿ ಬೈಗುಳಕ್ಕೆ ಸಿದ್ಧಳಾಗಿ ನಿಂತಳು.

“ಅಲ್ಲಿ ಕೂಡ ನಾನು ಇದನ್ನೇ ಹೇಳ್ತಿದ್ದೆ” ಎಂದರು ಅಲ್ಲಿ ಸರ್ ಕೊನೆಗೆ. “ತಾಳ್ಮೆ ಬೇಕು ಅಂತ.”

ಹುಡುಗಿ ದಾಖಲೆ ಪುಸ್ತಕ ತೆಗೆದು, ಅವರ ಎದುರಿಗೇ, ನಲವತ್ತೊಂದು ಸಾಲುಗಳ ‘ಗಾಜು ದೋಷ’ವನ್ನು ಒಂದೊಂದಾಗಿ ಗೆರೆ ಎಳೆದು ಹೊಡೆದು, ಪಕ್ಕದಲ್ಲಿ ‘ನಾವು ಕಾಯಲಿಲ್ಲ’ ಎಂದು ಬರೆದಳು. ಅದಕ್ಕೆ ಅರ್ಧ ಗಂಟೆ ಹಿಡಿಯಿತು. ಅವರು ಬೇಡ ಎನ್ನಲೂ ಇಲ್ಲ, ನೋಡಲೂ ಇಲ್ಲ.

ಆದರೆ ಸಮಿತಿಯ ಸಹಿ ಸಹಿಯೇ. ಅದನ್ನು ಅಳಿಸಬೇಕಾದರೆ ತಪ್ಪಾಯಿತೆಂದು ಯಾರಾದರೂ ಬರೆಯಬೇಕು, ಆ ಕಟ್ಟಡದಲ್ಲಿ ಅದಕ್ಕೆ ನಮೂನೆಯೇ ಇರಲಿಲ್ಲ. ಹಾಗಾಗಿ ಗಾಜಿನ ಕೋಣೆಯನ್ನು ಶಾಸ್ತ್ರೋಕ್ತವಾಗಿ ಮುಚ್ಚಲಾಯಿತು. ಹತ್ತು ದಿನ ಕಳೆದು ಅದೇ ಕೋಣೆಯಲ್ಲಿ ‘ಸೂಕ್ಷ್ಮ ಧಾರಾ ಕೇಂದ್ರ’ ಎಂಬುದು ಉದ್ಘಾಟನೆಯಾಯಿತು; ಫಲಕದಲ್ಲಿ ಅಲ್ಲಿ ಸರ್ ಹೆಸರು ದಪ್ಪಕ್ಷರದಲ್ಲಿತ್ತು. ಕಾಯಂ ನೌಕರಿ ಮುಚ್ಚಿದ ಕೋಣೆಯ ಜೊತೆಗೇ ಹೋದದ್ದರಿಂದ, ಆಮೇಲಪ್ಪನವರನ್ನು ಕೇಂದ್ರಕ್ಕೆ ವರ್ಷ ವರ್ಷದ ಗುತ್ತಿಗೆಯ ಮೇಲೆ ತೆಗೆದುಕೊಂಡರು. ಲೇತ್ ವಾಪಸು ಬರಲಿಲ್ಲ. ಗುಜರಿಯವರು ಅದನ್ನು ಆಗಲೇ ಕತ್ತರಿಸಿಯಾಗಿತ್ತು. ಪ್ರಕಟವಾದ ಲೇಖನದಲ್ಲಿ ಅಲ್ಲಿ ಸರ್ ಮೊದಲು, ಸಮಿತಿಯ ಇಬ್ಬರು ಆಮೇಲೆ, ಹುಡುಗಿ ನಾಲ್ಕನೆಯವಳು. ಐದನೆಯದಾಗಿ ಆಮೇಲಪ್ಪನವರ ಹೆಸರನ್ನು ಅವಳು ಮೂರು ಸಲ ಸೇರಿಸಿದಳು; ಮೂರು ಸಲವೂ ಯಾರೋ ತೆಗೆದರು. ನಾಲ್ಕನೆಯ ಸಲ ಅದು ಕೊನೆಯ ಪುಟದ ಸಣ್ಣಕ್ಷರದ ಕೃತಜ್ಞತೆಯಲ್ಲಿ, ವಿದ್ಯುತ್ ಇಲಾಖೆಯ ನಂತರ, ಉಳಿದುಕೊಂಡಿತು. ಅದನ್ನು ಅವರ ಹೆಂಡತಿ ಕತ್ತರಿಸಿ ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿಟ್ಟಿದ್ದಾರೆ.

ಫ್ಲಾಸ್ಕು, ಬುರುಡೆಗಳ ಕೆಲಸ ಈಗ ಅವರಿಗಿಲ್ಲ. ಅವನ್ನು ಹೊರಗಿನಿಂದ ಕೊಳ್ಳುತ್ತಾರೆ. ಆಮೇಲಪ್ಪ ವಾರಕ್ಕೆ ಆರು ಕೊಳವೆ ಎಳೆಯುತ್ತಾರೆ, ನಾಲ್ಕು ಮೇಲಿನ ಮಹಡಿಗೆ, ಎರಡು ಬೇರೆ ಊರಿನ ಪ್ರಯೋಗಾಲಯಗಳಿಗೆ. ಒಂದೊಂದನ್ನೂ ಹತ್ತಿಯಲ್ಲಿ ಸುತ್ತಿ ಡಬ್ಬದಲ್ಲಿಟ್ಟು, ಮೇಲೆ ‘ಒರೆಸಬಾರದು’ ಎಂದು ತಮ್ಮ ಕೈಯಾರೆ ಬರೆಯುತ್ತಾರೆ.